ಕಾಣದ ಶ್ರಮ, ಕಾಣುವ ತಪ್ಪು: ಕೋಲಾರ ಸೀಮೆಯ ದುಡಿಮೆಯ ಲೋಕದಲ್ಲಿ ಡಿಸ್‌ಪ್ರಾಕ್ಸಿಯಾ

1995ರ ಕಾಯ್ದೆಯಲ್ಲಿ ಏಳಿದ್ದ ಅಂಗವೈಕಲ್ಯಗಳ ಪಟ್ಟಿಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21ಕ್ಕೆ ಹಿಗ್ಗಿಸಿತು. ಅದರ ಅನುಸೂಚಿಯಲ್ಲಿ, ನಿರ್ದಿಷ್ಟ ಕಲಿಕಾ ನ್ಯೂನತೆಗಳ ಸಾಲಿನಲ್ಲಿ, ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್ಕುಲಿಯಾಗಳ ಜೊತೆಗೆ ಡಿಸ್‌ಪ್ರಾಕ್ಸಿಯಾದ ಹೆಸರೂ ಇದೆ. ಹೆಸರು ಸೇರಿದ್ದು ಒಳ್ಳೆಯದೇ. ಆದರೆ ಆ ಇಡೀ ಗುಂಪಿಗೆ ಕಾಯ್ದೆ ಹೇಳುವ ಲಕ್ಷಣ ಒಂದೇ: ಆಡುವ ಅಥವಾ ಬರೆಯುವ ಭಾಷೆಯನ್ನು ಗ್ರಹಿಸಿ ಬಳಸುವಲ್ಲಿನ ಕೊರತೆ. ಡಿಸ್‌ಪ್ರಾಕ್ಸಿಯಾದ ಮೂಲ ಅಲ್ಲಿಲ್ಲ. ಮಾಡಬೇಕಾದ ಚಲನೆಯನ್ನು ಮನಸ್ಸಿನಲ್ಲಿ ಯೋಜಿಸಿ, ಕೈಕಾಲುಗಳಲ್ಲಿ ಹೊಂದಿಸಿ, ಕೊನೆಗೆ ಯೋಚಿಸದೆಯೇ ಆಗುವಷ್ಟು ರೂಢಿ ಮಾಡಿಕೊಳ್ಳುವುದರಲ್ಲಿ ಅದರ ತೊಡಕಿದೆ. ಕಾಯ್ದೆ ಬರೆದವರ ಕಣ್ಣಿಗೂ ಅದು ಬಿದ್ದದ್ದು ನೋಟ್‌ಬುಕ್ಕಿನ ಪುಟದ ಮೇಲೆ ಮಾತ್ರ ಎಂದು ತೋರುತ್ತದೆ. ಈ ಸ್ಥಿತಿಯ ಬಗ್ಗೆ ಜನರಲ್ಲಿರುವ ತಪ್ಪು ತಿಳಿವಳಿಕೆಗೆ ಮಾಹಿತಿಯ ಕೊರತೆಯೊಂದೇ ಕಾರಣವಲ್ಲ ಎಂಬುದು ಈ ಲೇಖನದ ವಾದ. ನೋಡುವವರಿಗೆ ಕೆಲಸದ ಫಲ ಕಾಣುತ್ತದೆ, ಅದಕ್ಕೆ ಬಿದ್ದ ಶ್ರಮ ಕಾಣುವುದಿಲ್ಲ. ಆ ಕಾಣದ ಜಾಗದಲ್ಲಿ ಅವರು ಎದುರಿಗಿರುವವನ ಗುಣವನ್ನು ತಂದಿಡುತ್ತಾರೆ. ಮನೆ, ಶಾಲೆ, ಸರ್ಕಾರ ಮೂರೂ ಇದೇ ನೋಟವನ್ನು ಬೇರೆ ಬೇರೆ ರೂಪದಲ್ಲಿ ಪಾಲಿಸುತ್ತಿವೆ.

ಮಕ್ಕಳ ಈ ಬಗೆಯ ಎಡವಟ್ಟನ್ನು ಬೆಳವಣಿಗೆಯ ತೊಂದರೆಯೆಂದು ವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1937ರಲ್ಲೇ ಗುರುತಿಸಿದ್ದರು. 1994ರಲ್ಲಿ ಕೆನಡಾದ ಲಂಡನ್ ನಗರದಲ್ಲಿ ಸೇರಿದ ತಜ್ಞರು ‘ಬೆಳವಣಿಗೆಯ ಸಮನ್ವಯ ದೋಷ’ ಎಂಬ ಹೆಸರಿಗೆ ಒಪ್ಪಿದರು. ಜನರ ಬಾಯಲ್ಲಿ ಡಿಸ್‌ಪ್ರಾಕ್ಸಿಯಾ ಉಳಿಯಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಐದರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ನೂರಕ್ಕೆ 5ರಿಂದ 6 ಮಂದಿಗೆ ಇದು ಇರುತ್ತದೆ. ಬ್ರಿಟನ್ನಿನ ಏವನ್ ಪ್ರದೇಶದ ದೊಡ್ಡ ಅಧ್ಯಯನವೊಂದು ಕಟ್ಟುನಿಟ್ಟಿನ ಅಳತೆ ಬಳಸಿ, ಏಳು ವರ್ಷದವರಲ್ಲಿ ನೂರಕ್ಕೆ ಎರಡಕ್ಕೂ ಕಡಿಮೆ ಎಂದು 2009ರಲ್ಲಿ ವರದಿ ಮಾಡಿತು. ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ, ನಿಜ. ಆದರೆ ಕಡಿಮೆ ಅಂದಾಜನ್ನೇ ಹಿಡಿದರೂ ಇದು ಅಪರೂಪದ ಕಾಯಿಲೆಯ ಲೆಕ್ಕಕ್ಕೆ ಬರುವುದಿಲ್ಲ. ದೃಷ್ಟಿದೋಷ, ಮೆದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಇವು ಯಾವುವೂ ಆ ತೊಂದರೆಗೆ ಸರಿಯಾದ ವಿವರಣೆಯಾಗದಿದ್ದಾಗಲೇ ಈ ಹೆಸರು ಕೊಡುವುದು. ಎಂದರೆ, ಹೊರನೋಟಕ್ಕೆ ಏನೂ ಇರುವುದಿಲ್ಲ. ಕಣ್ಣು ಸರಿಯಿದೆ, ಕೈಕಾಲು ಸರಿಯಿದೆ, ಮಾತಿನಲ್ಲಿ ಚುರುಕಿದೆ. ಆದರೂ ಲೋಟ ಕೈಜಾರುತ್ತದೆ, ಅಂಗಿಯ ಗುಂಡಿ ತಪ್ಪುತ್ತದೆ, ನಿನ್ನೆ ಬಂದದ್ದು ಇವತ್ತು ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸುವುದು ಈ ಕೊನೆಯ ಅಂಶವೇ. ನಿನ್ನೆ ಆಗಿದ್ದು ಇಂದು ಆಗದಿದ್ದರೆ ‘ಮನಸ್ಸಿಲ್ಲ’ ಎನ್ನುವುದು ನೋಡುವವರಿಗೆ ಅತಿ ಹತ್ತಿರದ ತರ್ಕ.

ಕೋಲಾರ ಜಿಲ್ಲೆಯ ಹೋಳೂರು ಹೋಬಳಿ, ಅದರಾಚೆಗಿನ ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ತಾಲ್ಲೂಕುಗಳ ಬದುಕು ಈ ತರ್ಕಕ್ಕೆ ಎಷ್ಟು ಅನುಕೂಲವಾಗಿದೆ ನೋಡಿ. ರೇಷ್ಮೆ, ಟೊಮೆಟೊ, ಮಾವು, ಹಾಲು, ರಾಗಿ: ಇಲ್ಲಿನ ಆದಾಯವೆಲ್ಲ ಬೆರಳ ತುದಿಯ ಕೆಲಸದ ಮೇಲೆ ನಿಂತಿದೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಕಳೆದು ಹಣ್ಣಾದ ರೇಷ್ಮೆಹುಳುಗಳನ್ನು ನೋವಾಗದಂತೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಕೈಹಾಕುತ್ತಾರೆ. ಅಲ್ಲಿ ಮೆತ್ತಗಿರಬೇಕು, ಬೇಗವೂ ಆಗಬೇಕು. ಟೊಮೆಟೊ ಬಳ್ಳಿಯನ್ನು ಕಡ್ಡಿಗೆ ದಾರದಿಂದ ಕಟ್ಟುವಾಗ ರೆಂಬೆ ಮುರಿಯಬಾರದು. ಕೋಲಾರದ ಎಪಿಎಂಸಿಗೆ ಹೋಗುವ ಹದಿನೈದು ಕಿಲೋ ಬಾಕ್ಸಿನಲ್ಲಿ ಕಾಯಿ ಜಜ್ಜಿದರೆ ಬೆಲೆ ಬೀಳುತ್ತದೆ. ಬೆಳಗಿನ ಹಾಲು ಡೈರಿಗೆ ಮುಟ್ಟುವ ಮುನ್ನ ಚೆಲ್ಲಿದರೆ ಅದು ಆ ದಿನದ ದುಡ್ಡು. ಕಚೇರಿ ಕೆಲಸದಲ್ಲಿ ಮರೆಯಾಗಿಬಿಡಬಹುದಾದ ಎಡವಟ್ಟು ಇಲ್ಲಿ ಎಲ್ಲರ ಕಣ್ಣೆದುರು ನಡೆದು, ರೂಪಾಯಿಯ ಲೆಕ್ಕದಲ್ಲಿ ದಾಖಲಾಗುತ್ತದೆ. ಸಾಲು ಹಿಡಿದು ಕಳೆ ಕೀಳುವಾಗ ಹಿಂದೆ ಬಿದ್ದವಳ ಕೆಲಸವನ್ನು ಪಕ್ಕದ ಸಾಲಿನವಳು ಮುಗಿಸಬೇಕಾಗುತ್ತದೆ. ಹೀಗಾಗಿ ಕನ್ನಡದಲ್ಲೋ ತೆಲುಗಿನಲ್ಲೋ ಬರುವ ಬೈಗುಳಕ್ಕೆ ಕ್ರೌರ್ಯವೇ ಮೂಲವೆಂದು ಹೇಳಲಾಗದು. ಅದರ ಹಿಂದೆ ನಷ್ಟದ ಭಯವಿದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಂಬಿದ ಸಮಾಜ ಅದನ್ನು ಹಿಂದುಮುಂದಾಗಿಯೂ ಓದುತ್ತದೆ: ಮೊಸರು ಸಿಗದವನ ಕೈ ಕೆಸರಾಗಿರಲಾರದು. ‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂಬ ಗಾದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಗದವಳು ಕೊಡಬಹುದಾದ ಕಾರಣವನ್ನೇ ನೆಪವೆಂದು ಮೊದಲೇ ತಳ್ಳಿಹಾಕುತ್ತದೆ.

ಮನೋವಿಜ್ಞಾನಿ ಬರ್ನಾರ್ಡ್ ವೈನರ್ ಮತ್ತು ಸಂಗಡಿಗರ 1988ರ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಒಂದು ಕೊರತೆ ಆ ವ್ಯಕ್ತಿಯ ಹಿಡಿತಕ್ಕೆ ಮೀರಿದ್ದೆಂದು ಕಂಡರೆ ಜನ ಮರುಗುತ್ತಾರೆ, ಸಹಾಯಕ್ಕೆ ಬರುತ್ತಾರೆ. ಅವನ ಹಿಡಿತದಲ್ಲೇ ಇದೆಯೆಂದು ಕಂಡರೆ ಸಿಟ್ಟಾಗುತ್ತಾರೆ. ಕುಂಟುವವನಿಗೆ ದಾರಿ ಬಿಡುವ ಊರು ಎಡವುವವನನ್ನು ‘ಕಣ್ಣು ನೆತ್ತಿಯ ಮೇಲಿದೆಯಾ’ ಎಂದು ಕೇಳುವುದರ ಒಳಗುಟ್ಟು ಇಷ್ಟೇ. ಕರುಣೆಗೆ ಒಂದು ಗುರುತು ಬೇಕು. ಆ ಗುರುತು ಇಲ್ಲದವನ ಪಾಲಿಗೆ ‘ಮೈಗಳ್ಳ’, ‘ಮೊದ್ದು’ ಎಂಬ ಬಿರುದುಗಳು ಉಳಿಯುತ್ತವೆ. ರೋಗನಿರ್ಣಯದ ಅಂಕಿಗಳಲ್ಲಿ ಹುಡುಗರೇ ಹೆಚ್ಚು. ಆದರೆ ರೊಟ್ಟಿ ತಟ್ಟುವುದು, ಜಡೆ ಹೆಣೆಯುವುದು, ರಂಗೋಲಿ ಎಳೆಯುವುದು ಹೆಣ್ಣಿನ ಯೋಗ್ಯತೆಯ ಅಳತೆಯಾಗಿರುವ ಮನೆಗಳಲ್ಲಿ ಹುಡುಗಿಯ ತೊಡಕು ವೈದ್ಯರವರೆಗೆ ಹೋಗದೆ ‘ಹೋದ ಮನೆಯಲ್ಲಿ ಹೇಗೆ ಬಾಳ್ತಾಳೆ’ ಎಂಬ ಚಿಂತೆಯಲ್ಲೇ ಮುಗಿಯುವ ಸಾಧ್ಯತೆ ದೊಡ್ಡದು.

ಶಾಲೆಯ ಕಣ್ಣು ಬೇರೆಯದಾಗಿರಬೇಕಿತ್ತು. ಅಲ್ಲಿಯೂ ಅಕ್ಷರ ದುಂಡಾಗಿದ್ದರೆ ಶ್ರದ್ಧೆ, ಸೊಟ್ಟಗಿದ್ದರೆ ಉಡಾಫೆ ಎಂಬ ಸಮೀಕರಣವೇ ನಡೆದುಬಂದಿದೆ. ಬಾಯಲ್ಲಿ ಉತ್ತರ ಹೇಳಬಲ್ಲ ಮಗು ಬರೆಯುವಾಗ ಹಿಂದೆ ಬಿದ್ದರೆ, ಆ ಅಂತರವೇ ತಪಾಸಣೆಗೆ ಕಾರಣವಾಗುವ ಬದಲು ಸೋಮಾರಿತನಕ್ಕೆ ಸಾಕ್ಷಿಯಾಗುತ್ತದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಕಲಿಕಾ ನ್ಯೂನತೆಯನ್ನು ಅಳೆಯಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಗೊತ್ತುಮಾಡಿತು. ಓದು, ಬರಹ, ಲೆಕ್ಕದ ತೊಂದರೆಗಳಿಗೆ ಅದು ಉಪಯುಕ್ತ ಸಾಧನ. ಚೆಂಡು ಹಿಡಿಯುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಗುಂಡಿ ಹಾಕುವುದನ್ನು ಅಳೆಯಲೆಂದು ಮಾಡಿದ್ದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ನೋಡುವ ಸ್ಥಿತಿಗಳ ಪಟ್ಟಿಯಲ್ಲಿ ಕಲಿಕಾ ದೋಷವಿದೆ, ಚಲನೆಯ ಬೆಳವಣಿಗೆ ತಡವಾಗುವುದೂ ಇದೆ. ಡಿಸ್‌ಪ್ರಾಕ್ಸಿಯಾಕ್ಕೆ ಬೇರೆ ಜಾಗವಿಲ್ಲ. ಜನರ ನೋಟವೂ ಹೀಗೆಯೇ ಎಂಬುದಕ್ಕೆ, ಓದುಬರಹದಲ್ಲಿ ತೊಡಕಿರುವ ಹುಡುಗನ ಕಥೆಯಾದ 2007ರ ‘ತಾರೇ ಜಮೀನ್ ಪರ್’ ಚಿತ್ರವನ್ನು ನೆನೆದರೂ ಸಾಕು. ಅದರ ಮೇಷ್ಟ್ರು ಹುಡುಗನಿಗೆ ಚೆಂಡು ಹಿಡಿಯಲು, ಶೂ ದಾರ ಕಟ್ಟಲು ಆಗುತ್ತದೆಯೇ ಎಂದೂ ವಿಚಾರಿಸುತ್ತಾರೆ. ಜನರ ನೆನಪಿನಲ್ಲಿ ಉಳಿದದ್ದು ಕುಣಿಯುವ ಅಕ್ಷರಗಳು ಮಾತ್ರ.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ‘ಹೊಲದಲ್ಲಿ ದುಡಿಯುವ ಮಕ್ಕಳಿಗೆ ಅಭ್ಯಾಸ ಸಾಕಷ್ಟಿದೆ, ಇದು ಮೊಬೈಲ್ ಹಿಡಿದು ಕೂತ ಪೇಟೆ ಮಕ್ಕಳ ರೋಗ’ ಎಂಬುದು ಮೊದಲನೆಯದು. ಕಲಿಯುವ ಅವಕಾಶ ಸಿಕ್ಕಿಯೂ ಕೌಶಲ ವಯಸ್ಸಿಗೆ ತಕ್ಕಂತೆ ಬರದಿರುವುದೇ ಈ ದೋಷದ ಮೊದಲ ಮಾನದಂಡ. ಹಾಗಾಗಿ ಅವಕಾಶ ತುಂಬಿರುವ ಹಳ್ಳಿಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣಬೇಕು. ಅಭ್ಯಾಸದ ಕೊರತೆ ಎಂಬ ವಿವರಣೆ ಅಲ್ಲೇ ಅತಿ ದುರ್ಬಲ. ಎರಡನೆಯದು ಹೆಚ್ಚು ತೂಕದ್ದು: ಹಳ್ಳಿ ಇಂಥವರನ್ನು ತನ್ನದೇ ರೀತಿಯಲ್ಲಿ ಒಳಗೊಳ್ಳುತ್ತದೆ, ಕೈಕೆಲಸ ಆಗದವನಿಗೆ ಕುರಿ ಕಾಯಲೋ ಅಂಗಡಿ ನೋಡಿಕೊಳ್ಳಲೋ ಹೇಳುತ್ತದೆ, ಅಲ್ಲಿಗೆ ವೈದ್ಯರ ಹೆಸರು ತಂದು ರೋಗಿಯನ್ನಾಗಿಸುವುದು ಏಕೆ? ಒಳಗೊಳ್ಳುವುದು ನಿಜ. ಆದರೆ ಆ ಜಾಗ ಸಿಗುವುದು ‘ಇವನಿಂದ ಏನೂ ಆಗದು’ ಎಂಬ ತೀರ್ಪಿನ ನಂತರ. ಸಂಶೋಧಕ ಜಾನ್ ಕೇರ್ನಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ವಿಸ್ತರಿಸಿದ ಸಿದ್ಧಾಂತದಂತೆ, ಈ ಮಕ್ಕಳಲ್ಲಿ ಮುಂದೆ ಕಾಣುವ ಆತಂಕ, ಖಿನ್ನತೆಗಳಿಗೆ ದಾರಿ ಮಾಡಿಕೊಡುವುದು ಚಲನೆಯ ತೊಡಕು ಸುತ್ತಲೂ ಹುಟ್ಟಿಸುವ ಘರ್ಷಣೆ, ಗೇಲಿ ಮತ್ತು ಒಂಟಿತನ. ಇದು ಸರಿಯಾದರೆ ನೋಡುವವರ ನೋಟವನ್ನೂ ಕಾಯಿಲೆಯ ಕಾರಣಗಳಲ್ಲಿ ಎಣಿಸಬೇಕಾಗುತ್ತದೆ. ಹೆಸರು ಕೊಡದೆ ಬಿಟ್ಟರೆ ಮಗು ಹೆಸರಿಲ್ಲದೆ ಉಳಿಯುವುದೂ ಇಲ್ಲ. ಊರು ಈಗಾಗಲೇ ಒಂದನ್ನು ಕೊಟ್ಟಿರುತ್ತದೆ.

‘ದೊಡ್ಡವನಾದರೆ ಸರಿಹೋಗುತ್ತಾನೆ’ ಎಂಬ ಮೂರನೆಯ ಮಾತಿಗೆ ಫಿನ್‌ಲೆಂಡಿನಲ್ಲಿ ಕಾಂಟೆಲ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಹೇಳುತ್ತದೆ: ಐದನೇ ವಯಸ್ಸಿನಲ್ಲಿ ಗುರುತಿಸಿದ್ದ ಮಕ್ಕಳಲ್ಲಿ ಹಲವರ ತೊಡಕು ಹದಿನೈದರಲ್ಲೂ ಹೋಗಿರಲಿಲ್ಲ. ಹಾಗೆಂದು ಮಾಡುವುದಕ್ಕೇನೂ ಇಲ್ಲವೆಂದಲ್ಲ. ಕೆಲಸವನ್ನು ಬಿಡಿಬಿಡಿಯಾಗಿ ಒಡೆದು, ಮಗುವೇ ಗುರಿ ಇಟ್ಟುಕೊಂಡು, ಯೋಜಿಸಿ, ಮಾಡಿ, ಸರಿನೋಡುವ ವಿಧಾನವನ್ನು ಕೆನಡಾದ ಚಿಕಿತ್ಸಕರು ರೂಪಿಸಿದ್ದಾರೆ. ಯುರೋಪಿನ 2019ರ ತಜ್ಞ ಶಿಫಾರಸುಗಳೂ ನೇರವಾಗಿ ಕೆಲಸವನ್ನೇ ಕಲಿಸುವ ಇಂಥ ವಿಧಾನಗಳ ಪರವಾಗಿವೆ. ಇದಕ್ಕೆ ಯಂತ್ರ ಬೇಡ, ವಿಧಾನ ಬಲ್ಲ, ತಾಳ್ಮೆಯುಳ್ಳ ಒಬ್ಬ ದೊಡ್ಡವರು ಸಾಕು. ಬೈಯುತ್ತಾ ಅದೇ ಕೆಲಸವನ್ನು ನೂರು ಸಲ ಮಾಡಿಸುವುದು ಮಾತ್ರ ಈ ವಿಧಾನದ ಯಾವ ಹಂತದಲ್ಲೂ ಇಲ್ಲ.

ಸರ್ಕಾರ ಮಾಡಬೇಕಾದ್ದು ಎರಡು. ಕಾಯ್ದೆಯ ಅನುಸೂಚಿಯಲ್ಲಿ ಡಿಸ್‌ಪ್ರಾಕ್ಸಿಯಾವನ್ನು ಭಾಷೆಯ ಕೊರತೆಯ ಅಡಿಯಿಂದ ತೆಗೆದು ಚಲನೆಯ ಸಮನ್ವಯಕ್ಕೆ ಸಂಬಂಧಿಸಿದ ಬೇರೆ ಲಕ್ಷಣದೊಂದಿಗೆ ಸೇರಿಸಬೇಕು. ಪ್ರಮಾಣಪತ್ರದ ಪರೀಕ್ಷೆಯಲ್ಲಿ ಚಲನೆಯ ಅಳತೆ ಇರಬೇಕು. ಇವಕ್ಕೆ ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಹೋಳೂರಿನ ಶಾಲೆಗೆ ಬರುವ ತಪಾಸಣಾ ತಂಡ ಮೇಷ್ಟ್ರನ್ನು ಮೂರು ಪ್ರಶ್ನೆ ಕೇಳಬಹುದು: ಬಾಯಲ್ಲಿ ಹೇಳುವ ಉತ್ತರವನ್ನು ಬರೆಯಲಾಗದ ಮಗು ಯಾವುದು, ಅಂಗಿ ಗುಂಡಿ ಇನ್ನೂ ಹಾಕಿಕೊಳ್ಳಲಾಗದ್ದು ಯಾವುದು, ಆಟದಲ್ಲಿ ಯಾವ ತಂಡವೂ ಕರೆಯದ ಮಗು ಯಾವುದು. ಮೂರಕ್ಕೂ ಒಂದೇ ಹೆಸರು ಬಂದರೆ ಆ ಮಗುವನ್ನು ಹೆಚ್ಚಿನ ತಪಾಸಣೆಗೆ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು.