ಕರೆಗೆ ಓಗೊಡುವ ನಾಯಿ: ಶಾಸನದ ಮಾತು ಮತ್ತು ಮೌನ

ಹಾನಗಲ್ಲು ತಾಲ್ಲೂಕಿನ ಆಡೂರು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ಜಿನಾಲಯಕ್ಕೆ ಬಿಟ್ಟ ಭೂದಾನವನ್ನು ತಿಳಿಸುವ, ಬಾದಾಮಿ ಚಾಲುಕ್ಯ ಕೀರ್ತಿವರ್ಮನ ಕಾಲದ ಶಾಸನದಿಂದ ಅದು ನಮ್ಮ ಇತಿಹಾಸದಲ್ಲಿ ಸ್ಥಾನವನ್ನು ಪಡೆದಿದೆ. ಇಂತಹ ಶಾಸನಗಳು ದಾನಿಯನ್ನೂ ದಾನದ ನೆಲವನ್ನೂ ಹೆಸರಿಸುತ್ತವೆ. ಆ ನೆಲದ ಬೆಳೆಯನ್ನೂ ಹಟ್ಟಿಯ ಕುರಿಗಳನ್ನೂ ಕಾದ ನಾಯಿಯನ್ನು ಹೆಸರಿಸುವುದಿಲ್ಲ. ಕರೆದೊಡನೆ ಬರುವಂತೆ ನಮ್ಮ ಪೂರ್ವಿಕರು ನಾಯಿಗೆ ಹೇಗೆ ಕಲಿಸಿದರು ಎಂಬ ಪ್ರಶ್ನೆಯನ್ನು ಎತ್ತುವವರು ಮೊದಲು ಈ ಮೌನವನ್ನು ಎದುರಿಸಬೇಕಾಗುತ್ತದೆ.

ಈ ಮೌನವನ್ನು ಮುರಿಯುವ ಒಂದು ಕಲ್ಲು ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಶಾಸನದ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದು, ಬನವಾಸಿ 12000 ಮೊದಲಾದ ನಾಡುಗಳನ್ನು ಪಡೆದನು. ಆ ಯುದ್ಧದಲ್ಲಿ ಹೋರಾಡಿದ ಮಣಲೆರನೆಂಬ ವೀರನಿಗೆ ಬೇಕಾದುದನ್ನು ಬೇಡಿಕೊಳ್ಳುವ ಅವಕಾಶ ಒದಗಿದಾಗ, ಅವನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದಲ್ಲಿ ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಚಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ಎರಡು ಕಂಡುಗ ನೆಲವನ್ನು ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪವು ತಟ್ಟುವುದೆಂದು ಶಾಸನವು ವಿಧಿಸುತ್ತದೆ.

ಕಾಳಿಗೆ ಹೇಗೆ ಕಲಿಸಿದರೆಂಬುದನ್ನು ಈ ಕಲ್ಲು ಹೇಳುವುದಿಲ್ಲ. ಆದರೆ ಅದಕ್ಕೆ ಒಂದು ಹೆಸರಿತ್ತು, ಹೆಸರಿಡುವುದು ಕರೆಯುವುದಕ್ಕಾಗಿಯೇ. ಬೆಟ್ಟದಲ್ಲಿ ಬಿಟ್ಟ ನಾಯಿ ಕರೆಗೆ ತಿರುಗಿ ಬಾರದಿದ್ದರೆ ಅದು ಬೇಟೆಗಾರನಿಗೆ ಒದಗದು. ಆದುದರಿಂದ ಆ ಕೊನೆಯ ದಿನಕ್ಕೆ ಮುನ್ನ ಕಾಳಿ ಹಲವು ಸಲ ಕರೆಗೆ ಓಗೊಟ್ಟು ಬಂದಿರಬೇಕೆಂದು ನಾವು ಊಹಿಸಬಹುದು. ಇದು ಅನುಮಾನವೇ ಹೊರತು ಶಾಸನದ ವಾಕ್ಯವಲ್ಲ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಆಡೂರಿನ ಸುತ್ತಲಿನ ಸೀಮೆ ಪಾನುಂಗಲ್ಲು 500 ಎನಿಸಿಕೊಂಡಿತ್ತು. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಸಾರಮೇಯ ವಿನೋದಕ್ಕೆ ಪ್ರತ್ಯೇಕ ಪ್ರಕರಣವಿದೆ. ನಾಯಿಯು ಅರಸರ ಗ್ರಂಥದಲ್ಲಿಯೂ ವಿಚಾರಯೋಗ್ಯ ವಿಷಯವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಜನಪದದ ಸಾಕ್ಷಿ ಇನ್ನೂ ಹತ್ತಿರದಲ್ಲಿದೆ. ಹಾವೇರಿ ಜಿಲ್ಲೆಯದೇ ಆದ ದೇವರಗುಡ್ಡದಲ್ಲಿ ಮೈಲಾರಲಿಂಗನ ಗೊರವರು ಕಂಬಳಿಯುಟ್ಟು, ದೋಣಿಯಲ್ಲಿ ನೀಡಿದ ಆಹಾರವನ್ನು ನಾಯಿಗಳಂತೆ ಬೊಗಳುತ್ತ ಉಣ್ಣುತ್ತಾರೆ. ಭಕ್ತನು ತನ್ನನ್ನು ದೇವರ ನಾಯಿಯೆಂದು ಭಾವಿಸುವಲ್ಲಿ, ಒಡೆಯನ ಕೈಯ ಅನ್ನವೇ ಸಂಬಂಧದ ಕೇಂದ್ರವಾಗಿದೆ. ಇದನ್ನು ತರಬೇತಿಯ ದಾಖಲೆಯೆಂದು ಓದಲಾಗದು. ಆದರೂ ಅನ್ನ ಮತ್ತು ನಿಷ್ಠೆಗಳ ನಂಟನ್ನು ಜನರು ಚೆನ್ನಾಗಿ ಅರಿತಿದ್ದರೆಂದು ತೋರುತ್ತದೆ.

ಈ ನಂಟಿಗೆ ಪ್ರಯೋಗದ ಆಧಾರವು ಬಹಳ ತಡವಾಗಿ ದೊರೆಯಿತು. ಅಮೆರಿಕದ ಥಾರ್ನ್‌ಡೈಕನು 1898ರಲ್ಲಿ ಬೆಕ್ಕು ನಾಯಿಗಳ ಮೇಲಿನ ತನ್ನ ಪ್ರಯೋಗಗಳನ್ನು ಪ್ರಕಟಿಸಿ, ತೃಪ್ತಿಯನ್ನು ತರುವ ಕ್ರಿಯೆಯು ಮತ್ತೆ ಮತ್ತೆ ನಡೆಯುವುದೆಂಬ ತತ್ತ್ವಕ್ಕೆ ತಳಹದಿಯನ್ನು ಹಾಕಿದನು. 1938ರಲ್ಲಿ ಸ್ಕಿನ್ನರನು ಅದನ್ನು ವಿಸ್ತರಿಸಿದನು. ಧನಾತ್ಮಕ ಪುನರ್ಬಲನವೆಂದು ಕರೆಯುವ ಈ ಕ್ರಮದಲ್ಲಿ ನಾಯಿ ಕರೆಗೆ ಬಂದ ಕೂಡಲೇ ತುತ್ತನ್ನೋ ಮುದ್ದನ್ನೋ ಕೊಡಬೇಕು. ತಡವಾದರೆ ಫಲವು ಕರೆಗೆ ಅಂಟುವುದಿಲ್ಲ. ಮೊದಲು ಮನೆಯಂಗಳದಲ್ಲಿ, ಬಳಿಕ ಉದ್ದನೆಯ ಹಗ್ಗ ಕಟ್ಟಿ ಬಯಲಿನಲ್ಲಿ, ಹೀಗೆ ದೂರವನ್ನೂ ಗದ್ದಲವನ್ನೂ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಅಭ್ಯಾಸವು ಗಟ್ಟಿಯಾದ ಮೇಲೆ ತುತ್ತನ್ನು ಪ್ರತಿ ಸಲವೂ ಕೊಡದೆ ಆಗಾಗ ಕೊಟ್ಟರೆ ಅದು ಬೇಗ ಅಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕರೆದು ಹೊಡೆಯಬಾರದು. ಕರೆಯ ಕೊನೆಯಲ್ಲಿ ಕೋಲನ್ನು ಕಂಡ ನಾಯಿ ಕರೆಗೇ ಅಂಜುತ್ತದೆ. ತಪ್ಪು ಆಗ ನಾಯಿಯದಲ್ಲ, ಕರೆದವನದು.

ಇಂದಿನ ಶಾಸ್ತ್ರವನ್ನು ಹತ್ತನೆಯ ಶತಮಾನದ ಬೇಟೆಗಾರನ ಮೇಲೆ ಹೊರಿಸುವುದು ಯುಕ್ತವಲ್ಲ. ಅವನು ತುತ್ತಿನಿಂದ ಕಲಿಸಿದನೋ ಕೋಲಿನಿಂದ ಕಲಿಸಿದನೋ ಎಂಬುದನ್ನು ಯಾವ ಶಾಸನದಿಂದಲೂ ನಿರ್ಣಯಿಸಲಾಗದು. ಆದರೆ ಪ್ರಾಣಿಯ ಕಲಿಕೆಯ ನಿಯಮವು ಅಂದಿಗೂ ಇಂದಿಗೂ ಒಂದೇ ಆಗಿದೆ. ಆದುದರಿಂದ ಕಾಳಿ ಒಲಿದು ಬರುತ್ತಿದ್ದಿತಾದರೆ, ಅದನ್ನು ಸಾಕಿದ ಒಂದು ಕೈ ಪ್ರತಿದಿನವೂ ಅದಕ್ಕೆ ಏನನ್ನಾದರೂ ಕೊಟ್ಟಿರಲೇಬೇಕು. ವೀರಗಲ್ಲುಗಳು ಸಾವನ್ನು ದಾಖಲಿಸುತ್ತವೆ. ಆ ಸಾವಿಗೆ ಮುಂಚಿನ ನಿತ್ಯದ ಆರೈಕೆಯನ್ನು ದಾಖಲಿಸುವುದಿಲ್ಲ. ಆತಕೂರಿನ ಕಲ್ಲಿನಲ್ಲಿ ಆ ಆರೈಕೆಯ ಗುರುತಾಗಿ ಉಳಿದಿರುವುದು ಕಾಳಿ ಎಂಬ ಹೆಸರು ಮಾತ್ರ. ಆಡೂರಿನಂತಹ ಊರುಗಳ ಶಾಸನಗಳಲ್ಲಿ ಅದೂ ಉಳಿದಿಲ್ಲ. ಅವುಗಳನ್ನು ಓದುವ ವಿದ್ಯಾರ್ಥಿಗಳು ಈ ಕೊರತೆಯನ್ನೂ ಲಕ್ಷ್ಯದಲ್ಲಿಡಬೇಕು.