ಇಂಧನ ಮನೆಯಲ್ಲಿ, ಸವಾರಿ ನಕ್ಷತ್ರಕ್ಕೆ

ಕಿರಂಗೂರು ಅಂದ್ರೆ ಬನ್ನಿಮಂಟಪ. ಶ್ರೀರಂಗಪಟ್ಟಣ ದಸರೆಯ ಜಂಬೂಸವಾರಿ ಇವತ್ತಿಗೂ ಹೊರಡೋದು ಅಲ್ಲಿಂದಲೇ. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ್ದು 1610ರಲ್ಲಿ. ಅದೇ ವರ್ಷ, ದೂರದ ಪ್ರಾಗ್ ನಗರದಲ್ಲಿ ಕೂತು ಯೋಹಾನ್ನೆಸ್ ಕೆಪ್ಲರ್ ಎಂಬ ಖಗೋಳ ವಿಜ್ಞಾನಿ ಗೆಲಿಲಿಯೋಗೆ ಪತ್ರ ಬರೆದ. ಆಕಾಶದ ಗಾಳಿಗೆ ಹೊಂದುವ ಹಾಯಿಹಡಗು ಕಟ್ಟಿಕೊಟ್ಟರೆ ಹೆದರದೆ ಹೊರಡುವವರು ಇದ್ದೇ ಇರ್ತಾರೆ ಅನ್ನೋದು ಅದರೊಳಗಿನ ಒಂದು ಮಾತಿನ ಸಾರ. ಎರಡಕ್ಕೂ ನಂಟಿಲ್ಲ ಬಿಡಿ, ಬರೀ ಕಾಕತಾಳೀಯ.

ಆದರೆ ಶ್ರೀರಂಗಪಟ್ಟಣ ಹಿಡಿದ ದಾರಿ ಹಾಯಿಯದ್ದಲ್ಲ, ರಾಕೆಟ್ಟಿನದ್ದು. ಹೈದರ್, ಟಿಪ್ಪು ಕಾಲದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿದರು. 1780ರಲ್ಲಿ ಪೊಲ್ಲಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಅದರ ಬಿಸಿ ಕಂಡಿತು. ಅಲ್ಲಿಂದ ಚಂದ್ರಯಾನದವರೆಗೆ ತತ್ವ ಒಂದೇ: ಇಂಧನ ಉರಿಸು, ಹಿಂದಕ್ಕೆ ಉಗುಳು, ಮುಂದಕ್ಕೆ ಹೋಗು. ತೊಂದರೆಯೂ ಒಂದೇ. ಲಾರಿಗಾದರೆ ದಾರಿಯಲ್ಲಿ ಬಂಕ್ ಸಿಗುತ್ತೆ, ರಾಕೆಟ್ಟಿಗೆ ಸಿಗಲ್ಲ. ಇಂಧನ ಹೊರೋದಕ್ಕೇ ಇನ್ನಷ್ಟು ಇಂಧನ ಬೇಕು. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡ್ತಿದೆ. ಈ ವೇಗದಲ್ಲಿ ಪಕ್ಕದ ನಕ್ಷತ್ರ ವ್ಯೂಹ ಆಲ್ಫಾ ಸೆಂಟಾರಿಯಷ್ಟು ದೂರ ಕ್ರಮಿಸೋಕೆ 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು!

ಹಾಗಾದ್ರೆ ಇಂಧನವನ್ನ ಮನೆಯಲ್ಲೇ ಬಿಟ್ಟು ಹೋದರೆ? ಬೆಳಕು ವಸ್ತುವನ್ನು ತಳ್ಳುತ್ತೆ. ತೀರಾ ಮೆಲ್ಲಗೆ, ಆದರೆ ತಳ್ಳುತ್ತೆ. ಇದನ್ನು ನಮ್ಮ ಬೆಂಗಳೂರಿನ ಇಸ್ರೋ ಎಂಜಿನಿಯರುಗಳು ಪುಸ್ತಕದಲ್ಲಿ ಓದಿ ಬಿಟ್ಟವರಲ್ಲ. 1992ರ ಇನ್ಸಾಟ್-2ಎ ಉಪಗ್ರಹದ ಸೌರಫಲಕಗಳೆಲ್ಲ ಒಂದೇ ಬದಿಗಿದ್ದವು. ಬಿಸಿಲಿನ ಒತ್ತಡಕ್ಕೆ ಅದು ತಿರುಗಿಬಿಡಬಾರದಲ್ಲ, ಅದಕ್ಕೆ ಇನ್ನೊಂದು ಬದಿಗೆ ಉದ್ದ ಕೋಲಿನ ತುದಿಯಲ್ಲಿ ಒಂದು ಸೌರಹಾಯಿ ಕಟ್ಟಿದರು. ನೀವು ಟಿವಿ ನೋಡ್ತಿದ್ದಾಗ ತಲೆ ಮೇಲೆ ಹಾಯಿ ಬಿಚ್ಚಿಕೊಂಡಿತ್ತು. ಜಪಾನಿನ ಇಕಾರೋಸ್ 2010ರಲ್ಲಿ ಹಾಯಿ ನಂಬಿಕೊಂಡೇ ಪಯಣಿಸಿ ತೋರಿಸಿತು.

ಬಿಸಿಲು ದೂರ ಹೋದಷ್ಟೂ ಸೊರಗುತ್ತೆ. ಹಾಗಾಗಿ ಲೇಸರ್. 1960ರಲ್ಲಿ ಲೇಸರ್ ಬಂದ ಕೆಲವೇ ವರ್ಷಕ್ಕೆ ಅಮೆರಿಕದ ರಾಬರ್ಟ್ ಫಾರ್ವರ್ಡ್ ಈ ದಾರಿ ಸೂಚಿಸಿದ್ದ. 2016ರ ಏಪ್ರಿಲ್ 12ರಂದು ನ್ಯೂಯಾರ್ಕಿನಲ್ಲಿ ಯೂರಿ ಮಿಲ್ನರ್ ಮತ್ತು ಸ್ಟೀಫನ್ ಹಾಕಿಂಗ್ 'ಬ್ರೇಕ್‌ಥ್ರೂ ಸ್ಟಾರ್‌ಶಾಟ್' ಘೋಷಿಸಿದರು: 10 ಕೋಟಿ ಡಾಲರ್ ಹಣ, ಗ್ರಾಂ ಲೆಕ್ಕದ ನೌಕೆ, ಬೆಳಕಿನ ಶೇ 20ರಷ್ಟು ವೇಗ, ಸುಮಾರು 20 ವರ್ಷದ ಪಯಣ. ನನ್ನನ್ನು ಕೇಳಿದರೆ, ಅಸಲಿ ಪ್ರಶ್ನೆ ಇರೋದು ಅವರು ಯೋಚಿಸಿದ ಲೇಸರ್‌ನಲ್ಲಿ. ಅದು 100 ಗಿಗಾವ್ಯಾಟ್. 2024ರ ಮೇ ತಿಂಗಳ ಸುಡುಬೇಸಿಗೆಯಲ್ಲಿ ಇಡೀ ಭಾರತದ ಗರಿಷ್ಠ ವಿದ್ಯುತ್ ಬೇಡಿಕೆಯೇ ಸುಮಾರು 250 ಗಿಗಾವ್ಯಾಟ್. ಅದರ ಐದರಲ್ಲಿ ಎರಡು ಪಾಲು, ಕೆಲವು ನಿಮಿಷ, ಒಂದೇ ಕಡೆಗೆ! ಹಾಯಿ ತಳ್ಳುವ ಈ ಕಿರಣ ಬೇರೆಯವರ ಉಪಗ್ರಹವನ್ನೂ ಸುಡಬಲ್ಲದು.

ಮದ್ದಿನ ಕೊಳವೆಯ ಕಥೆ ನೋಡಿ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ರಾಕೆಟ್ಟುಗಳನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ತಿದ್ದಿ ಬೆಳೆಸಿದ. 1807ರಲ್ಲಿ ಆ ರಾಕೆಟ್ಟುಗಳು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಮೇಲೆ ಬಿದ್ದವು. ಈಗ ಲೇಸರಿನ ಸ್ವಿಚ್ಚು ಯಾರ ಕೈಲಿರುತ್ತೆ ಅಂತ ಕಿರಂಗೂರಿನವರು ಕೇಳಿದರೆ, ಅದು ದಡ್ಡ ಪ್ರಶ್ನೆ ಅಲ್ಲ ಸ್ವಾಮಿ.