ಸಮೀಕರಣದಲ್ಲಿ ಇಲ್ಲದ ಕಲ್ಲು

ಠಾಣೆಯ ಮಾಜಿವಾಡಾದಲ್ಲಿರಲಿ, ಧಾರವಾಡದಲ್ಲಿರಲಿ, ಹನ್ನೊಂದನೆಯ ತರಗತಿಯ ರೆಡಾಕ್ಸ್ ಪಾಠ ಒಂದೇ. ಎಲೆಕ್ಟ್ರಾನ್ ಕಳೆದುಕೊಳ್ಳುವುದು, ಪಡೆಯುವುದು ಎರಡನ್ನೂ ಬೇರೆ ಬೇರೆ ಅರ್ಧ ಸಮೀಕರಣಗಳಾಗಿ ಬರೆದು ಸರಿದೂಗಿಸಬೇಕು. ದ್ರಾವಣ ಆಮ್ಲೀಯವಾದರೆ ಹೈಡ್ರೋಜನ್ ಅಯಾನು, ಪ್ರತ್ಯಾಮ್ಲೀಯವಾದರೆ ಹೈಡ್ರಾಕ್ಸೈಡ್ ಅಯಾನು ಸೇರಿಸಬೇಕು. ಪರೀಕ್ಷೆಯಲ್ಲಿ ಈ ವ್ಯತ್ಯಾಸಕ್ಕೆ ಒಂದೆರಡು ಅಂಕ. ಕೋಲಾರದ ಚಿನ್ನದ ಗಣಿಗಳಲ್ಲಿ ಕೆಲಸಗಾರರ ಜೀವವೇ ಅದರ ಮೇಲೆ ನಿಂತಿತ್ತು.

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಗಣಿಗಾರಿಕೆಗಿಳಿಯಿತು. ಕಲ್ಲನ್ನು ಪುಡಿಮಾಡಿ ಪಾದರಸದಿಂದ ಚಿನ್ನ ಹಿಡಿಯುವುದು ಆಗಿನ ರೂಢಿ. ಪಾದರಸಕ್ಕೆ ಸಿಗದ ಸಣ್ಣ ಕಣಗಳು ಪುಡಿಯಲ್ಲೇ ಉಳಿದುಹೋಗುತ್ತಿದ್ದವು. 1887ರಲ್ಲಿ ಗ್ಲಾಸ್ಗೋದ ಜಾನ್ ಸ್ಟುವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಈ ಚಿನ್ನವನ್ನು ತೆಳುವಾದ ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ದಕ್ಷಿಣ ಆಫ್ರಿಕಾದ ಗಣಿಗಳು ಅದನ್ನು ಅಪ್ಪಿಕೊಂಡವು. ಕೋಲಾರಕ್ಕೂ ಅದು ಬಂತು.

ಸೈನೈಡ್ ಒಂದೇ ಇದ್ದರೆ ಚಿನ್ನ ಕರಗದು, ಗಾಳಿಯ ಆಮ್ಲಜನಕವೂ ಬೇಕು ಎಂದು ಜರ್ಮನಿಯ ಎಲ್ಸ್ನರ್ 1846ರಲ್ಲೇ ತೋರಿಸಿದ್ದರು. ಚಿನ್ನದ ಪ್ರತಿ ಪರಮಾಣು ಒಂದು ಎಲೆಕ್ಟ್ರಾನ್ ಬಿಟ್ಟು, ಎರಡು ಸೈನೈಡ್ ಅಯಾನುಗಳೊಡನೆ ಕೂಡಿ ನೀರಿಗಿಳಿಯುತ್ತದೆ. ಆಮ್ಲಜನಕದ ಒಂದು ಅಣು ನಾಲ್ಕು ಎಲೆಕ್ಟ್ರಾನ್ ಪಡೆದು, ಎರಡು ನೀರಿನ ಅಣುಗಳೊಡನೆ ಸೇರಿ ನಾಲ್ಕು ಹೈಡ್ರಾಕ್ಸೈಡ್ ಆಗುತ್ತದೆ. ಆದ್ದರಿಂದ ಮೊದಲನೆಯದನ್ನು ನಾಲ್ಕರಿಂದ ಗುಣಿಸಬೇಕು: ನಾಲ್ಕು ಚಿನ್ನಕ್ಕೆ ಎಂಟು ಸೈನೈಡ್, ಒಂದು ಆಮ್ಲಜನಕ. ತೂಕದಲ್ಲಿ ಹೇಳುವುದಾದರೆ, ಒಂದು ಕಿಲೋ ಚಿನ್ನಕ್ಕೆ ಸುಮಾರು 500 ಗ್ರಾಂ ಸೋಡಿಯಂ ಸೈನೈಡ್, 41 ಗ್ರಾಂ ಆಮ್ಲಜನಕ ಸಾಕು. ಅದಿರಿನ ಬೇರೆ ಖನಿಜಗಳೂ ಸೈನೈಡ್ ತಿನ್ನುವುದರಿಂದ ವಾಸ್ತವದಲ್ಲಿ ಬೇಕಾಗುವುದು ಬಹಳ ಹೆಚ್ಚು. ಕರಗಿದ ಚಿನ್ನವನ್ನು ಮರಳಿ ಪಡೆಯಲು ಸತುವನ್ನು ಬಳಸುತ್ತಿದ್ದರು. ಸತು ಎಲೆಕ್ಟ್ರಾನ್ ಕೊಟ್ಟು ತಾನು ಕರಗಿ, ಚಿನ್ನವನ್ನು ಹೊರಹಾಕುತ್ತದೆ.

ಈ ದ್ರಾವಣ ಪ್ರತ್ಯಾಮ್ಲೀಯವಾಗಿಯೇ ಇರಬೇಕು. ಅದಿರಿನಲ್ಲಿ ಗಂಧಕದ ಖನಿಜಗಳಿದ್ದರೆ ಗಾಳಿ, ನೀರು ತಾಗಿ ಆಮ್ಲ ಹುಟ್ಟುತ್ತದೆ. ಆಮ್ಲದ ಹೈಡ್ರೋಜನ್ ಅಯಾನು ಸೈನೈಡನ್ನು ಕೂಡಿದರೆ ಹೈಡ್ರೋಜನ್ ಸೈನೈಡ್. ಅದು 26 ಡಿಗ್ರಿಯಲ್ಲೇ ಕುದಿಯುವ, ಉಸಿರಾಡಿದವರನ್ನು ಕೊಲ್ಲುವ ವಿಷ. ಇದನ್ನು ತಡೆಯುವುದು ಅಗ್ಗದ ಸುಣ್ಣ. ಸುಣ್ಣ ಬೆರೆಸಿ ಪಿಎಚ್ 10ರ ಮೇಲಿಟ್ಟರೆ ಸೈನೈಡ್ ಬಹುಮಟ್ಟಿಗೆ ನೀರಿನಲ್ಲೇ ಉಳಿಯುತ್ತದೆ. ಪಠ್ಯದ ‘ಪ್ರತ್ಯಾಮ್ಲೀಯ ದ್ರಾವಣದಲ್ಲಿ’ ಎಂಬ ಎರಡು ಪದ ಇಲ್ಲಿ ಕಾವಲುಗಾರನ ಕೆಲಸ ಮಾಡುತ್ತವೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. 120 ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತ್ತು. ಉಳಿದದ್ದು ಊರ ಪಕ್ಕದಲ್ಲಿ ಗುಡ್ಡಗಳಂತೆ ಬಿದ್ದಿರುವ, ಮೂರು ಕೋಟಿ ಟನ್ನಿಗೂ ಹೆಚ್ಚಿನ ಕಲ್ಲಿನ ಪುಡಿ. ಜನ ಅದನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಗಾಳಿ ಬೀಸಿದಾಗ ಅದರ ಧೂಳು ಮನೆಗಳಿಗೆ ನುಗ್ಗುತ್ತದೆ. ಬೆಣಚುಕಲ್ಲು ಸೈನೈಡಿನೊಡನೆ ವರ್ತಿಸುವುದಿಲ್ಲ, ಹಾಗಾಗಿ ಸಮೀಕರಣದ ಎರಡೂ ಬದಿಯಲ್ಲಿ ಅದಕ್ಕೆ ಜಾಗವಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕಕ್ಕೆ ಬಾರದ ಕಲ್ಲಷ್ಟೇ ಊರಿನವರ ಪಾಲಿಗೆ ಉಳಿಯಿತು.